ನೋಡಿದವರು ತಳ್ಳಬೇಕು

ಪ್ರತಿ ಮನೆಯಲ್ಲೂ ವೈರುಗಳ ಒಂದು ಡಬ್ಬ ಇರುತ್ತದೆ. ಅದರಲ್ಲಿರುವುದು ಯಾವುದಕ್ಕೂ ಉಪಯೋಗಕ್ಕೆ ಬರುವುದಿಲ್ಲ, ಎಸೆಯಲು ಯಾರಿಗೂ ಧೈರ್ಯವೂ ಬರುವುದಿಲ್ಲ. ನಿಮ್ಮ ಮನೆಯಲ್ಲೂ ಇದೆ, ಇಲ್ಲವೆನ್ನಬೇಡಿ. ನಮ್ಮದು ಹಳೆಯ ಬಿಸ್ಕತ್ತಿನ ಡಬ್ಬ. ಹೋದ ವಾರ ಮಳೆ ಹಿಡಿದುಕೊಂಡು ಕರೆಂಟು ಹೋದಾಗ ಮೊಂಬತ್ತಿ ಹುಡುಕುತ್ತ ಅದರೊಳಗೆ ಕೈ ಹಾಕಿದೆ. ಮೊಂಬತ್ತಿ ಸಿಗಲಿಲ್ಲ, ಬೆರಳನ್ನು ಏನೋ ಕಚ್ಚಿತು. ಎಳೆದು ನೋಡಿದರೆ ಜೋಡಿ ಎಳೆಯ ಉದ್ದನೆಯ ವೈರು. ತುದಿಯಲ್ಲಿ ಒಂದಕ್ಕೆ ಕೆಂಪು ಕ್ಲಿಪ್ಪು, ಇನ್ನೊಂದಕ್ಕೆ ಕಪ್ಪು ಕ್ಲಿಪ್ಪು, ಎರಡಕ್ಕೂ ಮೊಸಳೆಗಿರುವಂಥ ಹಲ್ಲು. ಇಷ್ಟು ವರ್ಷದ ತುಕ್ಕು ಹಿಡಿದಿದ್ದರೂ ಕಚ್ಚುವ ಬುದ್ಧಿಯನ್ನು ಬಿಟ್ಟಿರಲಿಲ್ಲ. ನನಗೆ ಎಂಥ ಖುಷಿಯಾಯಿತೆಂದರೆ, ಬೆರಳು ಚೀಪುತ್ತ ಕತ್ತಲಲ್ಲಿ ಒಬ್ಬಳೇ ನಗುತ್ತ ಕೂತುಬಿಟ್ಟೆ. ನಮ್ಮ ಮನೆಯವರು ಟಾರ್ಚು ಬಿಟ್ಟು ನೋಡಿ ಏನಾಯಿತೆಂದು ಕೇಳಿದರು. ಯಾರದಾದರೂ ಟ್ರಾಕ್ಟರು ತಳ್ಳಬೇಕು ಅನ್ನಿಸುತ್ತಿದೆ ಎಂದೆ. ಅವರು ಪೇಟೆಯಲ್ಲಿ ಹುಟ್ಟಿ ಬೆಳೆದವರು, ಪಾಪ, ಟಾರ್ಚು ಆರಿಸಿಬಿಟ್ಟರು. ನಿಮಗಾದರೂ ಬಿಡಿಸಿ ಹೇಳುತ್ತೇನೆ.

ನಮ್ಮದು ನಾಗಮಂಗಲದ ಕಡೆಯ ಬೆದ್ದಲು ಸೀಮೆ. ರಾಗಿ, ಹುರುಳಿ, ಮೋಡ ನೋಡುತ್ತ ನಿಲ್ಲುವ ಗಂಡಸರು. ಹೈಸ್ಕೂಲಿಗೆಂದು ನನ್ನನ್ನು ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯ ಮಗ್ಗುಲಲ್ಲಿದ್ದ ಸೋದರತ್ತೆಯ ಊರಿಗೆ ಕಳಿಸಿದರು. ಅಲ್ಲಿ ನಾಲೆ ನೀರು, ಎತ್ತ ನೋಡಿದರೂ ಕಬ್ಬು. ಹುಡುಗಿ ಓದಲು ಒಪ್ಪಿದಳಲ್ಲ ಎಂದು ಅಪ್ಪ ಊರೆಲ್ಲ ಹೇಳಿಕೊಂಡು ಬಂದರು. ನಾನು ಒಪ್ಪಿದ್ದು ಅತ್ತೆಯ ಮನೆಯಲ್ಲಿ ಟೀವಿ ಇದೆ ಎಂಬ ಒಂದೇ ಕಾರಣಕ್ಕೆ. ತೊಂಬತ್ತರ ದಶಕ ಆಗತಾನೇ ಕಣ್ಣು ಬಿಟ್ಟಿದ್ದ ಕಾಲ ಅದು, ನಮ್ಮೂರಿನಲ್ಲಿ ಟೀವಿ ಇರಲಿ, ಟೀವಿ ಬಂದ ರಟ್ಟಿನ ಪೆಟ್ಟಿಗೆಯೂ ಇರಲಿಲ್ಲ.

ಅತ್ತೆಯ ಹೆಸರು ಸಾಕಮ್ಮ. ಮಾತಿನಲ್ಲಿ ಚುರುಕು, ಕೈಯಲ್ಲಿ ಇನ್ನೂ ಚುರುಕು. ಮಾವ ಚಿಕ್ಕೇಗೌಡರು ಒಂದು ಟ್ರಾಕ್ಟರು ಇಟ್ಟುಕೊಂಡು ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯುತ್ತಿದ್ದರು. ಎತ್ತರದ ಆಳು, ದಪ್ಪ ಮೀಸೆ, ಮಾತು ಕಮ್ಮಿ. ಇದ್ದ ಕಮ್ಮಿ ಮಾತಿನಲ್ಲೂ ಅರ್ಧ ಒಂದೇ ಮಾತು: "ನೋಡಿವ್ನಿ ಬುಡು." ಯಾರಾದರೂ ಸಮುದ್ರದ ಸುದ್ದಿ ತೆಗೆದರೆ "ನೋಡಿವ್ನಿ ಬುಡು". ವಿಮಾನ ಇಳಿಯುವುದನ್ನು ನೋಡಿದೆ ಎಂದರೆ "ನಾನೂ ನೋಡಿವ್ನಿ ಬುಡು". ಹೇಮಗಿರಿ ದನದ ಜಾತ್ರೆಯಲ್ಲಿ ಈ ಸಲ ಬಂದಂಥ ಹೋರಿ ಯಾವತ್ತೂ ಬಂದಿರಲಿಲ್ಲವೆಂದು ಯಾರೋ ಹೇಳಿದರೆ, ಅದಕ್ಕಿಂತ ದೊಡ್ಡದನ್ನು ಮಾವ ಆಗಲೇ ನೋಡಿ ಆಗಿರುತ್ತಿತ್ತು. ಯಾವಾಗ ನೋಡಿದಿರಿ ಎಂದು ಕೇಳುವಷ್ಟು ಎದೆಗಾರಿಕೆ ಆ ಮೀಸೆಯ ಮುಂದೆ ಯಾರಿಗೂ ಬರುತ್ತಿರಲಿಲ್ಲ.

ಟೀವಿ ಒಂದು ಪುಟ್ಟ ಕಪ್ಪು-ಬಿಳುಪಿನ ಪೆಟ್ಟಿಗೆ. ಶ್ರೀರಂಗಪಟ್ಟಣದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಖಲೀಲ್ ಭಾಯಿ ಕೊಡಿಸಿದ್ದು. ಆ ಕಾಲದ ಕರೆಂಟಿನ ಗುಣ ನಿಮಗೆ ಗೊತ್ತೇ ಇದೆ. ಮಳೆ ಬಂದ ಮೇಲೆ ಹೋಗುವುದಿರಲಿ, ಮಳೆ ಬರುತ್ತದಂತೆ ಎಂಬ ಸುದ್ದಿಗೇ ಹೋಗುತ್ತಿತ್ತು. ಅದಕ್ಕೇ ಖಲೀಲ್ ಭಾಯಿ ಬ್ಯಾಟರಿಯಿಂದಲೂ ನಡೆಯುವ ಟೀವಿಯನ್ನೇ ಆರಿಸಿ, ಈ ಮೊಸಳೆ ಹಲ್ಲಿನ ವೈರನ್ನು ತಾವೇ ಮಾಡಿ ಕೊಟ್ಟಿದ್ದರು. "ದೇಖೋ ಗೌಡ್ರೇ, ಕೆಂಪು ಕೆಂಪ್ಗೆ, ಕಪ್ಪು ಕಪ್ಪಿಗೆ. ಉಲ್ಟಾ ಆಯ್ತು ಅಂದ್ರೆ ಟೀವಿ ಖತಂ. ಪಿಕ್ಚರು ಸುತ್ತ ಚಿಕ್ದಾಗೋಕೆ ಶುರು ಆದ್ರೆ ಬ್ಯಾಟ್ರಿ ಸಲಾಂ ಹೇಳ್ತೈತೆ ಅಂತ ತಿಳ್ಕೊಳ್ಳಿ" ಎಂದಿದ್ದರು. ಮಾವ ಅದಕ್ಕೂ "ಗೊತ್ತದೆ ಬುಡಿ, ನೋಡಿವ್ನಿ" ಎಂದರಂತೆ.

ಕರೆಂಟು ಹೋದಾಗಲೆಲ್ಲ ಮಾವ ಟ್ರಾಕ್ಟರನ್ನು ಹಿಂದಕ್ಕೆ ತಂದು ಕಿಟಕಿಯ ಪಕ್ಕ ನಿಲ್ಲಿಸುತ್ತಿದ್ದರು. ಕಿಟಕಿಯ ಸರಳಿನ ಸಂದಿಯಿಂದ ವೈರು ಹೊರಗೆ ಹೋಗಿ ಟ್ರಾಕ್ಟರಿನ ಬ್ಯಾಟರಿಯನ್ನು ಕಚ್ಚಿಕೊಳ್ಳುತ್ತಿತ್ತು. ಒಳಗೆ ಚುಯ್ ಎಂದು ಸದ್ದಾಗಿ ಪರದೆಯ ನಡುವೆ ಒಂದು ಬಿಳಿ ಚುಕ್ಕೆ ಹುಟ್ಟಿ, ಅಗಲವಾಗಿ, ಮನುಷ್ಯರ ಮುಖವಾಗುತ್ತಿತ್ತು. ಆ ಚುಕ್ಕೆ ಹುಟ್ಟುವ ಗಳಿಗೆಯಲ್ಲಿ ನನ್ನ ಎದೆ ಹೊಡೆದುಕೊಳ್ಳುತ್ತಿದ್ದುದನ್ನು ನೆನೆದರೆ, ಆಮೇಲೆ ನಾನು ನೋಡಿದ ಎಷ್ಟೋ ದೊಡ್ಡ ಟೀವಿಗಳ ಮೇಲೆ ಕನಿಕರ ಬರುತ್ತದೆ. ಇಂಜಿನ್ನು ಚಾಲೂ ಇಟ್ಟರೆ ಬ್ಯಾಟರಿ ಖಾಲಿಯಾಗುತ್ತಿರಲಿಲ್ಲ ನಿಜ, ಆದರೆ ಅದರ ಗುಡುಗುಡು ಸದ್ದಿನಲ್ಲಿ ನಾಯಕಿ ಅಳುವುದೂ ಕೇಳುತ್ತಿರಲಿಲ್ಲ, ಹೊಗೆಯೆಲ್ಲ ಕಿಟಕಿಯೊಳಗೆ ಬರುತ್ತಿತ್ತು. ಹಾಗಾಗಿ ಇಂಜಿನ್ನು ಆರಿಸಿಯೇ ಸಿನಿಮಾ. ಸಿನಿಮಾ ಮುಗಿಯುವ ಹೊತ್ತಿಗೆ ಬ್ಯಾಟರಿ ಸುಸ್ತು. ಬೆಳಿಗ್ಗೆ ಮಾವ ಕೀ ತಿರುಗಿಸಿದರೆ ಟ್ರಾಕ್ಟರು ಒಮ್ಮೆ ಕೆಮ್ಮಿ ಸುಮ್ಮನಾಗುತ್ತಿತ್ತು.

ಅದರಿಂದ ಹುಟ್ಟಿದ್ದು ಆ ಮನೆಯ ಕಾನೂನು: ನೋಡಿದವರು ತಳ್ಳಬೇಕು. ಸಿನಿಮಾ ನೋಡಲು ಕೇರಿಯ ಯಾರು ಬೇಕಾದರೂ ಬರಬಹುದು. ಆದರೆ ಬೆಳಿಗ್ಗೆ ಮಾವ ಜಗುಲಿಯ ಮೇಲೆ ನಿಂತು ಗಂಟಲು ಸರಿಮಾಡಿಕೊಂಡರೆ ಹಿಂದಿನ ದಿನ ನೋಡಿದವರೆಲ್ಲ ಬಂದು ಟ್ರಾಕ್ಟರಿಗೆ ಹೆಗಲು ಕೊಡಬೇಕು. ಮನೆಯ ಮುಂದೆ ಬೀದಿ ನಾಲೆಯ ಕಡೆಗೆ ಇಳಿಜಾರು. ಅಲ್ಲಿಯ ತನಕ ತಳ್ಳಿದರೆ ಗಾಡಿ ತಾನೇ ಇಳಿದು ಚಾಲೂ ಆಗುತ್ತಿತ್ತು. ನಡು ಬಾಗಿದ ನಿಂಗಜ್ಜಿಯೂ ಬಂದು ಹಿಂದಿನ ಚಕ್ರಕ್ಕೆ ಎರಡು ಬೆರಳು ಮುಟ್ಟಿಸಿ ತನ್ನ ಋಣ ತೀರಿಸಿ ಹೋಗುತ್ತಿದ್ದಳು. ನಾನು ಯಾವಾಗಲೂ ಮಡ್ಗಾರ್ಡಿನ ಪಕ್ಕ. ಅಲ್ಲಿ ಬಲ ಹಾಕುವವಳಂತೆ ಮುಖ ಮಾಡಿದರೆ ಸಾಕು, ಬಲ ಹಾಕಬೇಕಾಗಿರಲಿಲ್ಲ.

ಈಗ ಅತ್ತೆಯ ಕಷ್ಟಕ್ಕೆ ಬರೋಣ. ಭಾನುವಾರದ ಸಿನಿಮಾ ಸಂಜೆಯ ಮುಂಚೆ ಶುರುವಾಗಿ ದೀಪ ಹಚ್ಚುವ ಹೊತ್ತು ದಾಟಿ ಮುಗಿಯುತ್ತಿತ್ತು. ಡೈರಿಗೆ ಹಾಲು ಹಾಕುವುದು ಸರಿಯಾಗಿ ಅದರ ನಡುವೆ. ಸಿನಿಮಾ ಮಾಡುವವರಿಗೂ ಡೈರಿಯವರಿಗೂ ಯಾವ ಜನ್ಮದ ದ್ವೇಷವೋ ಕಾಣೆ. ನಾಯಕ ಕೇಡಿಗನ ಕಾಲರಿಗೆ ಕೈ ಹಾಕುವುದೂ ಆ ಕಡೆ ಡೈರಿಯ ಹುಡುಗ ಪೀಪಿ ಊದುವುದೂ ಒಂದೇ ಆಗಿರುತ್ತಿತ್ತು. ಪೀಪಿ ಊದುತ್ತಲೇ ಪಡಸಾಲೆಯಲ್ಲಿದ್ದ ಹೆಂಗಸರೆಲ್ಲ ಸೆರಗು ಸಿಕ್ಕಿಸಿಕೊಂಡು ಎದ್ದು ಕೊಟ್ಟಿಗೆಗಳಿಗೆ ನಡೆಯುತ್ತಿದ್ದರು. ಆ ಊರಿನ ಹೆಂಗಸರು ನೂರಾರು ಸಿನಿಮಾ ನೋಡಿದ್ದರು, ಒಂದರ ಕೊನೆಯನ್ನೂ ನೋಡಿರಲಿಲ್ಲ.

ಅತ್ತೆಯ ಸೀಮೆಹಸು ಗೌರಿಯಂತೂ ಬೇರೆ ಕೈ ತಾಕಿದರೆ ಹಾಲು ಏರಿಸಿಕೊಂಡುಬಿಡುತ್ತಿತ್ತು. ಆದ್ದರಿಂದ ಸಿನಿಮಾ ಮುಗಿದ ಮೇಲೆ ಕೊಟ್ಟಿಗೆಗೆ ಹೋಗಿ ಅತ್ತೆಗೆ ಕೊನೆ ಹೇಳುವ ಕೆಲಸ ನನ್ನದಾಗಿತ್ತು. ನನ್ನ ಹೇಳುವಿಕೆ ಹೀಗಿರುತ್ತಿತ್ತು: "ಫೈಟಿಂಗ್ ಆಯ್ತು. ಪೊಲೀಸ್ನೋರು ಬಂದ್ರು. ಎಲ್ಲಾರೂ ನಿಂತ್ಕಂಡು ನಕ್ಕರು."

"ಯಾಕ್ ನಕ್ಕರವ್ವ?"

"ಮುಗೀತಲ್ಲ, ಅದ್ಕೆ."

ಅತ್ತೆ ಹಾಲಿನ ನೊರೆ ನೋಡುತ್ತ ನಿಟ್ಟುಸಿರು ಬಿಟ್ಟು, "ನಿನ್ಗೆ ಕನ್ನಡದಲ್ಲಿ ನಂಬರ್ ಯಾರ್ ಕೊಡ್ತಾರೆ ತಾಯಿ" ಎನ್ನುತ್ತಿದ್ದಳು. ನಾನು ಇವತ್ತು ಬರೆಯುವವಳಾಗಿದ್ದೇನೆಂದು ಹೇಳಿದರೆ ಅವಳು ನಂಬುವುದಿಲ್ಲ.

ಆದರೆ ಉಳಿದೆಲ್ಲ ಸಿನಿಮಾಗಳ ಕೊನೆ ಹೋದರೂ ಅತ್ತೆಗೆ ಚಿಂತೆಯಿರಲಿಲ್ಲ. ಒಂದರದ್ದು ಮಾತ್ರ ಅವಳಿಗೆ ಬೇಕೇ ಬೇಕಾಗಿತ್ತು. ಆ ಸಿನಿಮಾದ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಯಾರಾದರೂ ಪುಣ್ಯಾತ್ಮರು ಅದರ ಕೊನೆಯನ್ನು ಹೇಳಿಬಿಡುತ್ತೀರಿ.

ಆಗ ಅತ್ತೆ-ಮಾವನಿಗೆ ಹೊಸದಾಗಿ ಮದುವೆಯಾಗಿತ್ತು. ಮಾಕವಳ್ಳಿಯ ಹತ್ತಿರದ ನೆಂಟರ ಮನೆಗೆ ಗಂಡು-ಹೆಣ್ಣಿನ ಊಟಕ್ಕೆ ಹೋಗಿದ್ದರು. ಸಂಜೆ ಗಾಡಿ ಕಟ್ಟಿಸಿಕೊಂಡು ಕೆ.ಆರ್. ಪೇಟೆಯ ಟೆಂಟ್ ಸಿನಿಮಾಕ್ಕೆ ಹೊರಟರು. ಅತ್ತೆಯ ಜೀವಮಾನದ ಮೊದಲನೆಯ ಸಿನಿಮಾ. ಟೆಂಟಿನ ಬಾಗಿಲಲ್ಲಿ ಅವಳು ಮೆಲ್ಲಗೆ, ಚೆನ್ನಾಗಿದೆಯಾ ಎಂದು ಕೇಳಿದಳಂತೆ. ಮಾವ ಆಗಲೂ ಅದೇ ಮಾತು: "ನಾನ್ ಆಗ್ಲೇ ನೋಡಿವ್ನಿ ಬುಡು. ನಿನ್ಗೋಸ್ಕರ ಬಂದೆ." ನೋಡಿದ್ದನ್ನೇ ತನಗಾಗಿ ಮತ್ತೆ ನೋಡಲು ಬಂದ ಗಂಡ ಎಂದು ಅತ್ತೆ ಹಿಗ್ಗಿಹೋದಳು. ಸಿನಿಮಾದ ಕಥೆ ಏನೆಂದರೆ, ಗಂಡನ ಮನೆಯವರ ಕಾಟಕ್ಕೆ ಒಬ್ಬ ಹೆಣ್ಣುಮಗಳು ಕೂಸನ್ನು ಎತ್ತಿಕೊಂಡು ಮನೆ ಬಿಟ್ಟು ನಡೆಯುತ್ತಾಳೆ. ಕಾಟ ಕೊಡುವಾಗೆಲ್ಲ ಬಾಯಿ ಮುಚ್ಚಿಕೊಂಡಿದ್ದ ಗಂಡನಿಗೆ ಆಮೇಲೆ ಬುದ್ಧಿ ಬಂದು ಹುಡುಕಿಕೊಂಡು ಓಡಿ ಬರುತ್ತಾನೆ. ಅಷ್ಟರಲ್ಲಿ ಅವಳು ಹೊಳೆಯ ದಡದಲ್ಲಿ ಹರಿಗೋಲು ಹತ್ತಿಯಾಗಿದೆ. ಇವನು ದಡದಿಂದ ಕೂಗುತ್ತಾನೆ. ಅವಳು ಬೆನ್ನು ಮಾಡಿ ಕೂತಿದ್ದಾಳೆ. ತಿರುಗುತ್ತಾಳೋ ಇಲ್ಲವೋ? ಸರಿಯಾಗಿ ಆಗ ಬಿರುಗಾಳಿ ಎದ್ದು ಟೆಂಟಿನ ಒಂದು ಮೂಲೆ ಕಿತ್ತು ಆಕಾಶ ನೋಡಿತು. ಚಳಿಗಾಲದ ಅಕಾಲದ ಮಳೆ ಸುರಿದು, ಜನ ಚೆಲ್ಲಾಪಿಲ್ಲಿಯಾಗಿ, ಗಂಡ-ಹೆಂಡತಿ ಚಾಪೆ ತಲೆಗೆ ಹಿಡಿದು ಗಾಡಿಗೆ ಓಡಿದರು.

ಗಾಡಿಯಲ್ಲಿ ಅತ್ತೆ ಕೇಳಿದ್ದು ಸಹಜ. ನೀವು ನೋಡಿದ್ದೀರಲ್ಲ, ಅವಳು ತಿರುಗಿದಳಾ? ಮಾವ ಮೀಸೆ ಒರೆಸಿಕೊಂಡು ಹೇಳಿದರು: "ಕೊನೆ ಯೇಳ್ಬುಟ್ರೆ ಸಿನಿಮಾದಲ್ಲಿ ಏನ್ ಉಳೀತದೆ?"

ಅವತ್ತಿನಿಂದ ಇಪ್ಪತ್ತು ವರ್ಷ ಅತ್ತೆ ಕೇಳುತ್ತಲೇ ಬಂದಳು. ಮುದ್ದೆ ಬಡಿಸುವಾಗ ಕೇಳಿದಳು, ಕಬ್ಬಿಗೆ ನೀರು ಕಟ್ಟುವಾಗ ಕೇಳಿದಳು, ಜಗಳವಾಡಿ ಮಾತು ಬಿಟ್ಟ ದಿನಗಳಲ್ಲಿ ನನ್ನ ಕೈಲಿ ಕೇಳಿಸಿದಳು. ಉತ್ತರ ಅದೇ. ಆ ಸಿನಿಮಾ ಮತ್ತೆ ಯಾವ ಟೆಂಟಿಗೂ ಬರಲಿಲ್ಲ. ಬಂದಿದ್ದರೂ ಹಸು ಕಟ್ಟಿಕೊಂಡವಳು ಹೋಗುವುದೆಲ್ಲಿಂದ ಬಂತು.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದ ವರ್ಷ, ಕಾರ್ತಿಕ ಕಳೆಯುವ ಹೊತ್ತಿಗೆ, ಟೀವಿಯ ಹೆಂಗಸು ಮುಂದಿನ ಭಾನುವಾರದ ಸಿನಿಮಾದ ಹೆಸರು ಹೇಳಿದಳು. ಅತ್ತೆ ಅವರೆಕಾಯಿ ಸುಲಿಯುತ್ತಿದ್ದಳು. ಕಾಳು ಮೊರದಲ್ಲಿ ಬೀಳುವ ಬದಲು ನೆಲಕ್ಕೆ ಬಿದ್ದವು. "ಅದೇಯಾ," ಎಂದಳು. ಅಷ್ಟೇ. ಮಾವ ಬೀಡಿ ಹಚ್ಚುತ್ತಿದ್ದವರು ಕಡ್ಡಿ ಕೈ ಸುಡುವವರೆಗೂ ಹಿಡಿದುಕೊಂಡೇ ಇದ್ದರು. ಆಗ ನನಗೆ ಅದರ ಅರ್ಥವಾಗಲಿಲ್ಲ.

ಬುಧವಾರಕ್ಕೆ ಜಡಿ ಹಿಡಿಯಿತು. ಬಂಗಾಳ ಕೊಲ್ಲಿಯಲ್ಲಿ ಏನೋ ಎದ್ದರೆ ನಮ್ಮ ಮಂಡ್ಯದ ಸೀಮೆಯಲ್ಲಿ ಕಂಬಳಿ ಹೊರಗೆ ಬರುತ್ತದೆ. ಸುಂಯ್ಗುಡುವ ಶೀತಗಾಳಿ, ನಿಲ್ಲದ ಸಣ್ಣ ಮಳೆ, ಹೊತ್ತು ಹುಟ್ಟಿದ್ದೂ ಮುಳುಗಿದ್ದೂ ತಿಳಿಯದ ಮಂಕು. ಕಬ್ಬಿನ ಗದ್ದೆಗೆ ಗಾಡಿ ಇಳಿಯುವಂತಿರಲಿಲ್ಲ, ಕಟಾವು ನಿಂತಿತು. ಊರಿನ ಆಲೆಮನೆಯಲ್ಲಿ ಒಲೆಗೆ ಹಾಕುವ ಕಬ್ಬಿನ ಸಿಪ್ಪೆ, ರಚ್ಚು, ನೆಂದು ಒಲೆ ಉರಿಯದೆ ಬೆಲ್ಲ ಬೇಯಿಸುವವರು ಕೈ ಕಟ್ಟಿ ಕೂತರು. ಕರೆಂಟು ಬುಧವಾರವೇ ಹೋಗಿತ್ತು. ಇಂಥ ಹವೆಯಲ್ಲಿ ಕೆಲಸವಿಲ್ಲದ ಊರಿಗೆಲ್ಲ ಕಾಣುವುದು ಒಂದೇ, ಟ್ರಾಕ್ಟರಿನ ಬ್ಯಾಟರಿ. ಜನ ಒಬ್ಬೊಬ್ಬರಾಗಿ ಗೋಣಿಚೀಲದ ಗೊಪ್ಪೆ ಹೊದ್ದುಕೊಂಡು ಪಡಸಾಲೆಗೆ ಬಂದು ಕೂತರು.

ಅತ್ತೆ ಕ್ಲಿಪ್ಪಿನ ವೈರನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡುಬಿಟ್ಟಿದ್ದಳು. "ಭಾನುವಾರದ್ ಗಂಟ ಯಾರೂ ಕೇಳಂಗಿಲ್ಲ. ಗಾಡಿ ಓಡ್ತಾ ಇಲ್ಲ, ಬ್ಯಾಟ್ರಿಗೆ ಚಾರ್ಜ್ ಎಲ್ಲಿಂದ ಬತ್ತದೆ? ಇರೋದ್ನ ಉಳಿಸ್ಬೇಕು."

"ವಸಿ ಆಡ್ನಾದ್ರೂ ಆಕವ್ವ," ಎಂದ ಪಕ್ಕದ ಮನೆಯ ಸಿದ್ದ. ಅವನು ಆಲೆಮನೆಯಲ್ಲಿ ಬೆಲ್ಲದ ಅಚ್ಚು ಹಾಕುವವನು, ಬಾಯಿ ಬಡುಕ, ಯಾರ ಮುಖವನ್ನೂ ನೋಡದೆ ಮಾತಾಡುವವನು.

"ಆಡು ಬೇಕಾದ್ರೆ ನೀನೇ ಆಡ್ಕ."

ಅವನು ನಿಜವಾಗಿಯೂ ಹಾಡಿದ. ಉಳಿದವರು ಆರಿದ ಟೀವಿಯ ಕಡೆಗೇ ಮುಖ ಮಾಡಿ, ಹುರಿದ ಅವರೆ ಮೆಲ್ಲುತ್ತ ಕೇಳಿದರು. ನಾನೂ ಕೂತಿದ್ದೆ. ಗಾಜಿನಲ್ಲಿ ನಮ್ಮ ನಮ್ಮ ಮುಖಗಳೇ ಮಸುಕಾಗಿ ಕಾಣುತ್ತಿದ್ದವು, ಅದನ್ನೇ ಮೂರು ದಿನ ನೋಡಿದೆವು.

ಡೈರಿಯ ಸಮಸ್ಯೆಗೆ ಅತ್ತೆ ಆಗಲೇ ದಾರಿ ಕಂಡುಕೊಂಡಿದ್ದಳು. ಕೊಟ್ಟಿಗೆಯ ಹೆಂಚು ಸೋರುತ್ತಿದೆ, ಹಸುವಿಗೆ ಶೀತವಾಗುತ್ತದೆ ಎಂದು ಹೇಳಿ ಶನಿವಾರವೇ ಗೌರಿಯನ್ನು ತಂದು ಪಡಸಾಲೆಯ ಕಂಬಕ್ಕೆ ಕಟ್ಟಿದಳು. ಕೊಟ್ಟಿಗೆ ಎಲ್ಲಿ ಸೋರುತ್ತಿತ್ತೆಂದು ನಾನು ಹುಡುಕಿದೆ, ಕಾಣಲಿಲ್ಲ. ಹಸು ಕಂಬದ ಬಳಿ ನಿಂತರೆ ಅದರ ಕೆಚ್ಚಲಿನ ಮುಂದೆ ಕೂತವರಿಗೆ ಟೀವಿ ನೇರಕ್ಕೆ ಕಾಣುತ್ತಿತ್ತು. ಟೀವಿಯನ್ನೂ ಒಂದಿಷ್ಟು ಹಸುವಿನ ಕಡೆಗೆ ತಿರುಗಿಸಿದ್ದಾಯಿತು.

ಭಾನುವಾರ ಬಂತು. ಅತ್ತೆ ಮಧ್ಯಾಹ್ನವೇ ತಲೆಗೆ ಎರೆದುಕೊಂಡು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಹೂ ಮುಡಿದು ಬಂದಳು. ಹಾಲು ಕರೆಯಲು ಯಾರೂ ಹಾಗೆ ಸಿಂಗರಿಸಿಕೊಳ್ಳುವುದಿಲ್ಲ. ಸೊಂಟದಿಂದ ವೈರು ತೆಗೆದು ಮಾವನ ಕೈಗೆ ಕೊಟ್ಟಾಗ ಪಡಸಾಲೆ ತುಂಬಿ ಜಗುಲಿಯವರೆಗೂ ಜನ. ನಾನು ಕಿಟಕಿಯಲ್ಲಿ ಇಣುಕಿ "ಕೆಂಪು ಕೆಂಪ್ಗೆ ಮಾವ" ಎಂದು ಎರಡು ಸಲ ಹೇಳಿ ಎರಡು ಸಲವೂ ಬೈಸಿಕೊಂಡೆ. ಚುಯ್ ಎಂದಿತು. ಚುಕ್ಕೆ ಹುಟ್ಟಿತು. ನಮ್ಮ ಆಂಟೆನಾ ನುಗ್ಗೆ ಮರಕ್ಕೆ ಕಟ್ಟಿದ ಬಿದಿರಿನ ಮೇಲಿತ್ತು, ಗಾಳಿಗೆ ಮರ ವಾಲಿದಾಗೆಲ್ಲ ಚಿತ್ರವೂ ವಾಲುತ್ತಿತ್ತು, ನೋಡುತ್ತಿದ್ದ ನಾವೂ ಒಟ್ಟಿಗೆ ವಾಲುತ್ತಿದ್ದೆವು. ಅದು ಆಗ ಯಾರಿಗೂ ನಗು ತರಿಸಲಿಲ್ಲ. ಪರದೆಯ ಮೇಲೆ ಸಿನಿಮಾದ ಹೆಸರು ಬಿದ್ದಾಗ ಅತ್ತೆ ನನ್ನ ಕೈ ಹಿಡಿದಳು.

ಡೈರಿಯ ಪೀಪಿ ಕೇಳಿಸಿತು. ಈ ಸಲ ಒಬ್ಬ ಹೆಂಗಸೂ ಏಳಲಿಲ್ಲ. ಅತ್ತೆ ಮಾತ್ರ ಚೊಂಬು ಹಿಡಿದು ಗೌರಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಕಣ್ಣು ಟೀವಿಯಲ್ಲಿ, ಕೈ ಕೆಚ್ಚಲಲ್ಲಿ ಇಟ್ಟು ಕರೆಯತೊಡಗಿದಳು. ಸಿನಿಮಾದಲ್ಲಿ ಅತ್ತೆಮ್ಮ ಸೊಸೆಗೆ ಬೈದಾಗ ಹಾಲಿನ ಧಾರೆ ಜೋರಾಗುತ್ತಿತ್ತು, ಸೊಸೆ ಅತ್ತಾಗ ನಿಂತೇಹೋಗುತ್ತಿತ್ತು. ತಾಳ ತಪ್ಪಿದ್ದಕ್ಕೆ ಗೌರಿ ಎರಡು ಸಲ ಕಾಲು ಝಾಡಿಸಿತು. ಅಂತೂ ಕ್ಯಾನು ತುಂಬಿತು. ಆಗ ಎದ್ದಿತು ಪ್ರಶ್ನೆ, ಹಾಲು ಡೈರಿಗೆ ಯಾರು ಒಯ್ಯುವುದು?

ಸಿದ್ದ ಟೀವಿಯಿಂದ ಕಣ್ಣು ತೆಗೆಯದೆಯೇ ಹೇಳಿದ: "ಗೌಡ್ರೇ ಓಗ್ಲಿ. ಅವ್ರು ಆಗ್ಲೇ ನೋಡವ್ರೆ."

ನ್ಯಾಯವಾದ ಮಾತು. ಇಡೀ ಪಡಸಾಲೆ ಒಪ್ಪಿತು. "ಊ ಕಣಪ್ಪ, ನೀನ್ ನೋಡಿದ್ದೀಯ," ಎಂದಳು ನಿಂಗಜ್ಜಿ. ಅತ್ತೆಯೂ ತಿರುಗದೆ, "ವಸಿ ಕೊಟ್ಬುಟ್ ಬನ್ನಿ, ನಿಮ್ಗೇನು, ಗೊತ್ತಿರೋದೇ ಅಲ್ವಾ" ಎಂದಳು.

ಮಾವ ಎದ್ದರು. ಗೊಪ್ಪೆ ಹುಡುಕಿದರು, ಅದು ಅವರ ಕಣ್ಣ ಮುಂದೆಯೇ ಇತ್ತು. ಹೊದ್ದುಕೊಂಡರು, ಸರಿಯಾಗಲಿಲ್ಲವೆಂದು ತೆಗೆದು ಮತ್ತೆ ಹೊದ್ದುಕೊಂಡರು. ಕ್ಯಾನಿನ ಮುಚ್ಚಳ ಬಿಗಿ ಮಾಡಿದರು. ಮಳೆ ಜೋರಾಗಿದೆ ಎಂದರು. ಕ್ಯಾನು ಹಿಡಿದು ಬಾಗಿಲ ಹೊಸ್ತಿಲವರೆಗೂ ಹೋಗಿ ಅಲ್ಲಿ ನಿಂತರು. ನಿಂತೇ ಇದ್ದರು. ನಾವೆಲ್ಲ ಮುಂದಕ್ಕೆ ಮುಖ ಮಾಡಿದ್ದರಿಂದ ಯಾರೂ ಗಮನಿಸಲಿಲ್ಲ. ಆ ಕಡೆ ಹೆಣ್ಣುಮಗಳು ಕೂಸು ಎತ್ತಿಕೊಂಡು ಹೊಳೆದಡಕ್ಕೆ ಬಂದಿದ್ದಳು. ಅಂಬಿಗ ಹುಟ್ಟು ಹಾಕಿದ, ಹರಿಗೋಲು ಹೊರಟಿತು. ಗಂಡ ಓಡೋಡಿ ಬಂದ.

"ಉಟ್ಟು ಆಕ್ಬ್ಯಾಡ ಕಣ್ಲಾ, ವಸಿ ತಡಿಯೋ," ಎಂಬ ಮಾತು ಬಾಗಿಲಿನಿಂದ ಬಂತು.

ಎಲ್ಲರೂ ತಿರುಗಿದೆವು. ಮಾವ ಗೊಪ್ಪೆಯೊಳಗಿಂದ, ಬಾಯಿ ತೆರೆದುಕೊಂಡು, ಟೀವಿಯೊಳಗಿನ ಅಂಬಿಗನಿಗೆ ಹೇಳುತ್ತಿದ್ದರು. ಅತ್ತೆ ಕೆಚ್ಚಲ ಬಳಿಯಿಂದ ಮೆಲ್ಲಗೆ ಎದ್ದು ನಿಂತಳು. ಅವಳು ಏನೋ ಕೇಳಬೇಕೆನ್ನುವಷ್ಟರಲ್ಲಿ ನಾನು ಕಿರುಚಿದೆ. ಚಿತ್ರ ಸುತ್ತಲಿಂದ ಕುಗ್ಗತೊಡಗಿತ್ತು.

ಖಲೀಲ್ ಭಾಯಿ ಹೇಳಿದ ಸಲಾಂ ಅದೇ. ಮೊದಲು ಆಕಾಶ ಹೋಯಿತು, ಆಮೇಲೆ ದಡ, ಆಮೇಲೆ ಹೊಳೆ. ಹರಿಗೋಲೊಂದೇ ಬೆಂಕಿಪೊಟ್ಟಣದಷ್ಟು ಉಳಿಯಿತು, ಅದರಲ್ಲಿ ಬೆನ್ನು ಮಾಡಿ ಕೂತ ಹೆಂಗಸು. ನಾವೆಲ್ಲ ಮೊಣಕಾಲಿನ ಮೇಲೆ ಸರಿಯುತ್ತ ಟೀವಿಯ ಹತ್ತಿರಕ್ಕೆ, ಇನ್ನೂ ಹತ್ತಿರಕ್ಕೆ ಹೋದೆವು. ಅದು ಚುಕ್ಕೆಯಾಯಿತು. ಚುಕ್ಕೆಯೂ ಆರಿತು.

ಮಾವ ಕ್ಯಾನು ನೆಲಕ್ಕೆ ಕುಕ್ಕಿದರು. "ಏಳ್ರಲಾ, ತಳ್ರಿ ಗಾಡಿಯ. ಇಂಜಿನ್ ಚಾಲೂ ಮಾಡ್ಕಂಡ್ ಬತ್ತೀನಿ."

ಆ ಮನೆಯ ಕಾನೂನು ಅಷ್ಟು ಬೇಗ, ಅಷ್ಟು ಜನರಿಂದ ಪಾಲನೆಯಾದದ್ದನ್ನು ನಾನು ಮತ್ತೆ ನೋಡಲಿಲ್ಲ. ಕೊನೆ ನೋಡುವುದಕ್ಕೆ ಕೊನೆ ಬಿಟ್ಟೇ ಹೊರಗೆ ಓಡಬೇಕಾಗಿತ್ತು, ಓಡಿದೆವು. ಕತ್ತಲಿಗೆ ತಿರುಗಿದ ಸಂಜೆ, ಮುಖಕ್ಕೆ ಹೊಡೆಯುವ ಮಳೆ, ಕಾಲ ಕೆಳಗೆ ಎರೆಮಣ್ಣಿನ ರಾಡಿ. ಕ್ಲಿಪ್ಪು ಕಿತ್ತರು, ಮಾವ ಸೀಟಿಗೆ ಹಾರಿದರು. ಹೂ ಮುಡಿದ ಅತ್ತೆ ಹಿಂದಿನ ಚಕ್ರಕ್ಕೆ ಹೆಗಲು ಕೊಟ್ಟಳು. ನಿಂಗಜ್ಜಿ ಎರಡು ಬೆರಳಲ್ಲ, ಎರಡು ಅಂಗೈ ಇಟ್ಟಳು. ನಾನು ಅವತ್ತು ಒಂದು ದಿನ ಮುಖ ಮಾಡುವುದನ್ನು ಬಿಟ್ಟು ನಿಜವಾಗಿಯೂ ತಳ್ಳಿದೆ, ಕೆಸರಿನಲ್ಲಿ ಮುಗ್ಗರಿಸಿ ಮತ್ತೆ ಎದ್ದು ತಳ್ಳಿದೆ. "ಐಸಾ" ಎಂದ ಸಿದ್ದ, "ಐಸಾ" ಎಂದೆವು. ಚಕ್ರ ಅಲುಗಿತು, ಉರುಳಿತು, ಟ್ರಾಕ್ಟರು ಇಳಿಜಾರಿನಲ್ಲಿ ನಮ್ಮ ಕೈ ತಪ್ಪಿಸಿಕೊಂಡು ಓಡಿತು. ನಾಲೆಯ ಹತ್ತಿರ ಒಂದು ದೊಡ್ಡ ಕೆಮ್ಮು, ಕಪ್ಪು ಹೊಗೆ, ಆಮೇಲೆ ಡುಗುಡುಗು ಸದ್ದು. ಬೀದಿಯೆಲ್ಲ ಕೂಗಿತು. ಅಂಥ ಸಂತೋಷ ನನಗೆ ಎಸ್ಸೆಸ್ಸೆಲ್ಸಿ ಪಾಸಾದಾಗಲೂ ಆಗಲಿಲ್ಲ.

ಮಾವ ಸೇತುವೆಯ ಬಳಿ ತಿರುಗಿಸಿ, ಏದುಸಿರು ಬಿಡುವ ಗಾಡಿಯನ್ನು ಹಿಂದಕ್ಕೆ ತಂದು ಕಿಟಕಿಗೆ ಒತ್ತಿ ನಿಲ್ಲಿಸಿದರು. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ಕೆಸರು ಮೆತ್ತಿದ ನಾವೆಲ್ಲ ಒಳಗೆ ನುಗ್ಗಿದೆವು. ಚುಕ್ಕೆ ಹುಟ್ಟಿತು, ಅಗಲವಾಯಿತು, ಒಬ್ಬ ಕೋಟು ಹಾಕಿದ ಮನುಷ್ಯನಾಯಿತು. ಅವನು ಇಂಜಿನ್ನಿನ ಸದ್ದಿನ ನಡುವೆ ತುಟಿ ಅಲ್ಲಾಡಿಸುತ್ತ, ಭೂಪಟದ ಮೇಲೆ ಕೋಲು ಆಡಿಸುತ್ತ, ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ವಿಚಾರ ತಿಳಿಸುತ್ತಿದ್ದ. ಸಿನಿಮಾ ಮುಗಿದಿತ್ತು.

ಮಾವ ಹೊರಗೆ ಹೋಗಿ ಇಂಜಿನ್ನು ಆರಿಸಿದರು. ಪಡಸಾಲೆಯಲ್ಲಿ ಮಳೆಯ ಸದ್ದು, ಗೌರಿ ಮೆಲುಕು ಹಾಕುವ ಸದ್ದು. ಅವರು ಒಳಗೆ ಬಂದಾಗ ಅತ್ತೆ ಲಾಟೀನಿನ ಪಕ್ಕ ನಿಂತಿದ್ದಳು. ಮುಡಿದ ಹೂವೆಲ್ಲ ಎಲ್ಲೋ ಬಿದ್ದಿತ್ತು.

"ಈಗಾದ್ರೂ ಯೇಳಿ. ತಿರುಗುದ್ಲಾ?"

ಮಾವ ಗೊಪ್ಪೆಯ ತುದಿಯಿಂದ ನೀರು ಹಿಂಡಿದರು. ಜನರನ್ನು ನೋಡಿದರು, ಹಸುವನ್ನು ನೋಡಿದರು. ಕೊನೆಗೆ ನೆಲ ನೋಡುತ್ತ ಹೇಳಿದರು: "ನಾನೂ ನೋಡಿಲ್ಲ ಕಣೆ."

"ಅಂಗಂದ್ರೆ?"

"ಒಸಾ ಎಂಡ್ತಿ. ಏನೂ ನೋಡ್ದೋನಲ್ಲ ಅಂದ್ರೆ ಏನ್ ಅನ್ಕತಾಳೋ ಅಂತ ಅವತ್ ಬಾಗ್ಲಲ್ಲಿ ಅಂದ್ಬುಟ್ಟೆ. ಆಮ್ಯಾಕೆ ಎಂಗ್ ಯೇಳದು."

ಯಾರೂ ನಗಲಿಲ್ಲ. ಸಿದ್ದನೂ ನಗಲಿಲ್ಲ. ಅತ್ತೆ ಲಾಟೀನು ಎತ್ತಿ ಅವರ ಮುಖಕ್ಕೆ ಹಿಡಿದಳು. ಅವಳ ದನಿಯಲ್ಲಿ ಕೋಪ ಇರುತ್ತದೆಂದು ಕಾದ ನನಗೆ ಅದು ಕೇಳಿಸಲಿಲ್ಲ.

"ಇಷ್ಟ್ ವರ್ಸ ನಾನು ನಿಮ್ ಮಕ ನೋಡ್ಕಂಡೇ ಕೊನೆ ಕಂಡಿಡೀತಿದ್ದೆನಲ್ರೀ. ಕೇಳ್ದಾಗ ನೀವು ನಕ್ಕರೆ, ತಿರುಗುದ್ಲು ಅನ್ಕತಿದ್ದೆ. ಮಕ ಗಂಟಾಕ್ಕಂಡ್ರೆ, ಓಗ್ಬುಟ್ಲು ಅನ್ಕಂಡು ಸಂಕಟ ಪಡ್ತಿದ್ದೆ." ಇಷ್ಟು ಹೇಳಿ ಅವಳಿಗೇ ನಗು ಬಂತು. ಮೊದಲು ಸಣ್ಣಗೆ, ಆಮೇಲೆ ಕಂಬ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ಆಗ ಪಡಸಾಲೆಯೂ ನಕ್ಕಿತು, ಮಾವನ ಮೀಸೆಯೂ ಒಂದಿಷ್ಟು ಅಲುಗಿತು.

ಡೈರಿ ಮುಚ್ಚಿ ಹೋಗಿತ್ತು. ಕ್ಯಾನು ಹೊಸ್ತಿಲಲ್ಲೇ ಇತ್ತು. ಅತ್ತೆ ಅದನ್ನು ದೊಡ್ಡ ಪಾತ್ರೆಗೆ ಸುರಿದು, ಅಚ್ಚುಬೆಲ್ಲ ಜಜ್ಜಿ ಹಾಕಿ, ಮೆಣಸು ಶುಂಠಿ ಕುಟ್ಟಿ ಹಾಕಿ ಕುದಿಸಿ, ತಳ್ಳಿದವರಿಗೆಲ್ಲ ಲೋಟಕ್ಕೆ ಹೊಯ್ದಳು. ನಡುಗುತ್ತಿದ್ದ ಕೈಗಳಿಗೆ ಲೋಟದ ಬಿಸಿ, ಗಂಟಲಿಗೆ ಮೆಣಸಿನ ಖಾರ. ಆ ಹಾಲಿನ ರುಚಿ ನನ್ನ ನಾಲಗೆಯಲ್ಲಿ ಈಗಲೂ ಇದೆ. ಇವತ್ತು ಬೇಕೆಂದರೆ ಆ ಸಿನಿಮಾ ಫೋನಿನಲ್ಲೇ ಸಿಗುತ್ತದಂತೆ, ಒತ್ತಿದರೆ ನೇರ ಕೊನೆಗೇ ಹೋಗಬಹುದಂತೆ. ನಾನು ಒತ್ತಿಲ್ಲ. ಕ್ಲಿಪ್ಪು ಕಚ್ಚಿದ ಮೇಲೂ ಒತ್ತಿಲ್ಲ. ನನಗೆ ಕೊನೆ ಗೊತ್ತಿದೆ, ಅವತ್ತು ಹಾಲು ಕುಡಿಯುತ್ತ ಅತ್ತೆಯ ಬಾಯಲ್ಲೇ ಕೇಳಿದ್ದೇನೆ.

ಕೇಳಿದವಳು ನಿಂಗಜ್ಜಿ. "ಅಲ್ಲಾ ಸಾಕವ್ವ, ಆಮ್ಯಾಕ್ ಏನಾಯ್ತು ಅಂತೀಯ ನೀನು?"

ಅತ್ತೆ ಒಲೆಯ ಮುಂದಿನಿಂದ ಎದ್ದು ಬಂದು, ಟೀವಿಯ ಪಕ್ಕ, ಎಲ್ಲರಿಗೂ ಎದುರಾಗಿ ಕೂತಳು. "ಏನಾಗದು. ಅವ್ಳು ತಿರುಗಿ ನೋಡಲ್ಲ. ಮನೇಲಿ ಅಷ್ಟ್ ಅಂದಾಗ ಬಾಯ್ ಬಿಡ್ದೋನು ಈಗ ಕೂಗುದ್ರೆ ಯಾಕ್ ತಿರುಗಾಳು? ಅವ್ನು ಕೂಗಿ ಕೂಗಿ ಸಾಕಾಗಿ, ಪಂಚೆ ಎತ್ತಿ ಕಟ್ಕಂಡು ನೀರ್ಗೆ ಬೀಳ್ತಾನೆ. ಈಜು ಸರ್ಯಾಗ್ ಬರಾಕಿಲ್ಲ. ಆದ್ರೂ ಬತ್ತಾನೆ. ಅದು ಅವ್ಳಿಗೆ ಕೇಳುಸ್ತದೆ, ನೀರ್ ಬಡ್ಯೋ ಸದ್ದು. ಆಗ್ಲೂ ತಿರುಗಲ್ಲ. ಅಂಬಿಗನಿಗೆ ಮಾತ್ರ ಯೇಳ್ತಾಳೆ, ವಸಿ ನಿಧಾನಕ್ ಉಟ್ಟು ಆಕಪ್ಪ ಅಂತ."

ಲಾಟೀನು ಸಣ್ಣಗೆ ಉರಿಯುತ್ತಿತ್ತು. ಎಲ್ಲರ ಲೋಟಗಳು ಅರ್ಧ ದಾರಿಯಲ್ಲಿ ನಿಂತಿದ್ದವು. ಮಾವ ಇನ್ನೂ ಒದ್ದೆ ಗೊಪ್ಪೆಯನ್ನು ತೆಗೆಯದೆ, ಎಲ್ಲರಿಗಿಂತ ಮುಂದೆ, ನೆಲದ ಮೇಲೆ ಕೂತಿದ್ದರು.

"ಆಮ್ಯಾಕೆ?" ಎಂದರು ಮಾವ. "ಸಿಕ್ತಾನಾ? ಅರಿಗೋಲು ಸಿಕ್ತದಾ ಅವ್ನಿಗೆ?"

ಅತ್ತೆ ಅವರ ಲೋಟ ತೆಗೆದುಕೊಂಡು ಇನ್ನಷ್ಟು ಹಾಲು ಹೊಯ್ದು ಕೈಗೆ ಕೊಟ್ಟಳು.

"ಕೊನೆ ಯೇಳ್ಬುಟ್ರೆ," ಎಂದಳು, "ಸಿನಿಮಾದಲ್ಲಿ ಏನ್ ಉಳೀತದೆ?"